ಮುನಿದ ತುಡುವೆ ಪೆಟ್ಟಿಗೆಯನ್ನು ನಿಭಾಯಿಸುವ ಬಗೆ

ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಮೂರು, ಶ್ರೀರಂಗಪಟ್ಟಣದ ಹತ್ತಿರ ನಂಟರ ತೆಂಗಿನ ತೋಟದಲ್ಲಿ ಐದು, ಹೀಗೆ ಎಂಟು ಪೆಟ್ಟಿಗೆಗಳಲ್ಲಿ ನಾನು ತುಡುವೆ ಜೇನನ್ನು ಹವ್ಯಾಸಕ್ಕಾಗಿ ಸಾಕಿಕೊಂಡಿದ್ದೇನೆ. ತುಡುವೆ ಸಾಧು ಜೇನು ಎಂಬ ಮಾತು ಬಹುಮಟ್ಟಿಗೆ ನಿಜ. ಮುಚ್ಚಳ ತೆಗೆದಾಗ ಅದು ಮೇಣದಿಂದ ಕಟ್ಟಿದ ಎರಿಯ ಮೇಲೆ ಅತ್ತಿಂದಿತ್ತ ಓಡಾಡುತ್ತದೆ, ಎಲ್ಲ ನೊಣಗಳೂ ಒಟ್ಟಿಗೆ ‘ಸುಸ್ಸ್’ ಎಂದು ಸದ್ದು ಮಾಡಿ ಎಚ್ಚರಿಸುತ್ತವೆ, ಕಿರುಕುಳ ಹೆಚ್ಚಾದರೆ ಸಂಸಾರವೇ ಗೂಡು ಬಿಟ್ಟು ಪರಾರಿಯಾಗುತ್ತದೆ. ಅಟ್ಟಿಸಿಕೊಂಡು ಬಂದು ಹೊಡೆಯುವುದು ಅಪರೂಪ. ಹಾಗಿದ್ದರೂ ನಾಲ್ಕಾರು ಪೆಟ್ಟಿಗೆ ಇಟ್ಟವರಿಗೆ ಒಂದಲ್ಲ ಒಂದು ವರ್ಷ ಮುನಿದ ಪೆಟ್ಟಿಗೆಯೊಂದು ಗಂಟುಬೀಳುತ್ತದೆ. ಆಗ ‘ಇದರ ಜಾತಿಯೇ ಕೆಟ್ಟದ್ದು’ ಎಂದು ಷರಾ ಬರೆದುಬಿಡುವುದು ಸುಲಭ. ನಾನು ಕಂಡಂತೆ ಹೆಚ್ಚಿನ ಸಲ ತಪ್ಪು ಕಾಲದ್ದು, ಇಲ್ಲವೇ ಜಾಗದ್ದು, ಇಲ್ಲವೇ ನಮ್ಮದೇ ಕೈಯದ್ದು. ಆದ್ದರಿಂದ ರಾಣಿಯನ್ನು ಬದಲಿಸುವ ದೊಡ್ಡ ಕೆಲಸಕ್ಕೆ ಇಳಿಯುವ ಮೊದಲು ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸಬೇಕು.

ಇಲ್ಲಿ ಹೇಳುವುದೆಲ್ಲ ಪೆಟ್ಟಿಗೆಯ ಜೇನಿಗೆ ಮಾತ್ರ ಸಲ್ಲುತ್ತದೆ. ನೀರಿನ ಟ್ಯಾಂಕಿನ ಅಡಿಯಲ್ಲೋ ಆಲದ ಕೊಂಬೆಯಲ್ಲೋ ಬಯಲಿಗೆ ತೆರೆದುಕೊಂಡಂತೆ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ, ಅದರ ಸಿಟ್ಟಿಗೆ ಹವ್ಯಾಸಿಯ ಬಳಿ ಮದ್ದೂ ಇಲ್ಲ. ಹತ್ತಿರ ಹೋಗದಿರುವುದೊಂದೇ ದಾರಿ. ಯುರೋಪಿಯನ್ ಜೇನಾದ ಮೆಲ್ಲಿಫೆರಾ ಸಾಕುವವರು ಮುಂದಿನ ಮಾತುಗಳನ್ನು ಬಹುಪಾಲು ಹಾಗೆಯೇ ಅನುಸರಿಸಬಹುದು, ದಿನಗಳ ಲೆಕ್ಕದಲ್ಲಿ ಮಾತ್ರ ಅಲ್ಪಸ್ವಲ್ಪ ವ್ಯತ್ಯಾಸ ಬರುತ್ತದೆ.

ಜೇನು ಎದ್ದ ಹೊತ್ತಿನಲ್ಲಿ

ಎರಿಯನ್ನು ಕೈಯಲ್ಲಿ ಹಿಡಿದಿರುವಾಗಲೇ ನೊಣಗಳು ಮುಖಪರದೆಗೆ ಬಡಿಯತೊಡಗಿದರೆ, ಆ ಎರಿಯನ್ನು ಅದರ ಜಾಗಕ್ಕೆ ನಿಧಾನವಾಗಿ ಇಳಿಸುವುದು ಮೊದಲ ಕೆಲಸ. ಗಾಬರಿಯಲ್ಲಿ ಕೈಬಿಟ್ಟರೆ ಒಂದೇ ಏಟಿಗೆ ಹತ್ತಾರು ನೊಣಗಳು ಜಜ್ಜಿಹೋಗಿ ಮಿಕ್ಕವೆಲ್ಲ ಮೇಲೇಳುತ್ತವೆ. ಒಳಮುಚ್ಚಳ, ಮೇಲ್ಮುಚ್ಚಳಗಳನ್ನು ಸದ್ದಾಗದಂತೆ ಕೂರಿಸಿ, ಪೆಟ್ಟಿಗೆಯ ಬಾಗಿಲಿಗೆ ಹೊಗೆತಿದಿಯಿಂದ ಎರಡು ಸಲ ತಂಪು ಹೊಗೆ ಬಿಟ್ಟು, ಕೈಗವಸಿನ ಮೇಲೆ ಮುಳ್ಳು ನಾಟಿದ ಕಡೆಗೂ ಹೊಗೆ ಹಿಡಿದು, ಅಲ್ಲಿಂದ ಸರಿಯಬೇಕು. ಮುಳ್ಳು ನಾಟಿದ ಜಾಗಕ್ಕೆ ಹೊಗೆ ಹಿಡಿಯುವುದಕ್ಕೆ ಕಾರಣವಿದೆ. ಹೊಡೆದ ನೊಣ ಮುಳ್ಳಿನ ಜೊತೆಗೆ ಎಚ್ಚರಿಕೆಯ ವಾಸನೆಯೊಂದನ್ನೂ ಬಿಟ್ಟುಹೋಗುತ್ತದೆ. ಅದರ ಮುಖ್ಯ ಅಂಶವಾದ ಐಸೋಪೆಂಟೈಲ್ ಅಸಿಟೇಟ್ ಎಂಬ ರಾಸಾಯನಿಕ ಮಾಗಿದ ಬಾಳೆಹಣ್ಣಿನಂತೆ ನಾರುತ್ತದೆ, ಮತ್ತು ಆ ವಾಸನೆ ಇರುವಲ್ಲಿಗೇ ಉಳಿದ ನೊಣಗಳೂ ಬಂದು ಹೊಡೆಯುತ್ತವೆ. ಹೊಗೆಯು ಈ ವಾಸನೆಯನ್ನು ಮರೆಮಾಡುತ್ತದೆ. ನಂಜನಗೂಡಿನ ರಸಬಾಳೆಯನ್ನು ತಿಂದ ಕೈಯಲ್ಲಿ ಪೆಟ್ಟಿಗೆ ತೆರೆಯಬೇಡಿ ಎಂದು ನಾನು ಹೊಸಬರಿಗೆ ಹೇಳಿದರೆ ಅವರು ನಗುತ್ತಾರೆ, ಆದರೆ ಮಾತು ನಗೆಗೆ ಹೇಳಿದ್ದಲ್ಲ.

ಮುಖಪರದೆಯಿಲ್ಲದೆ ಸಿಕ್ಕಿಹಾಕಿಕೊಂಡರೆ ಅಂಗಿಯನ್ನೋ ಟವಲನ್ನೋ ಮುಖಕ್ಕೆ ಎಳೆದುಕೊಂಡು, ಕಣ್ಣಿಗೆ ದಾರಿ ಕಾಣುವಷ್ಟು ಬಿಟ್ಟು, ಬಾಗಿಲು ಮುಚ್ಚಬಹುದಾದ ಕೋಣೆಗೋ ಕಾರಿನೊಳಕ್ಕೋ ನೇರವಾಗಿ ಹೋಗಬೇಕು. ಕೈಬೀಸಿ ಹೊಡೆಯಬಾರದು. ಜನರು ನಿಂತಿರುವ ಕಡೆಗೆ ಓಡಬಾರದು. ನಮ್ಮ ಕಡೆ ನಾಲೆಗೆ ಹಾರಿದರೆ ಜೇನು ಬಿಟ್ಟುಹೋಗುತ್ತದೆ ಎಂಬ ನಂಬಿಕೆ ಇದೆ. ನೊಣಗಳು ನೀರಿನ ಮೇಲೆಯೇ ಸುತ್ತುತ್ತ ತಲೆ ಎತ್ತುವುದನ್ನೇ ಕಾಯಬಲ್ಲವು. ತುಂಬಿ ಹರಿಯುವ ವಿಶ್ವೇಶ್ವರಯ್ಯ ನಾಲೆಯಂತಹ ಕಡೆ ಜೇನಿಗಿಂತ ನೀರೇ ದೊಡ್ಡ ಅಪಾಯ.

ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯಬೇಕೋ ಚಿವುಟಿ ಕೀಳಬೇಕೋ ಎಂದು ಯೋಚಿಸುತ್ತ ಕಾಲ ಕಳೆಯಬಾರದು. ಮುಳ್ಳಿನ ಬುಡದ ವಿಷದ ಚೀಲ ನೊಣ ಹಾರಿಹೋದ ಮೇಲೂ ಮಿಡಿಯುತ್ತಲೇ ಇದ್ದು, ಅರ್ಧ ನಿಮಿಷದೊಳಗೆ ಬಹುಪಾಲು ವಿಷವನ್ನು ಒಳಕ್ಕೆ ಇಳಿಸಿಬಿಡುತ್ತದೆ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದೇ ಮುಖ್ಯ. ಆಮೇಲೆ ಸೋಪು ಹಾಕಿ ತೊಳೆದು ತಣ್ಣನೆಯ ಬಟ್ಟೆ ಒತ್ತಿದರೆ ಸಾಕು. ಹೊಡೆದ ಜಾಗ ಊದುವುದು, ತುರಿಸುವುದು ಸಹಜ. ಆದರೆ ಹೊಡೆದ ಜಾಗವಲ್ಲದೆ ಮೈತುಂಬ ದದ್ದು ಏಳುವುದು, ತುಟಿ ಅಥವಾ ನಾಲಿಗೆ ದಪ್ಪಗಾಗುವುದು, ಉಸಿರು ಕಟ್ಟುವುದು, ವಾಂತಿ, ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ ಅದು ಅಲರ್ಜಿಯ ಗಂಭೀರ ಲಕ್ಷಣ. ಸುಣ್ಣ ಹಚ್ಚುತ್ತ, ಅರಿಶಿನ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ, ರೋಗಿಯನ್ನು ಕಾಲು ಮೇಲಿರುವಂತೆ ಮಲಗಿಸಿ, ಉಸಿರಾಟ ಕಷ್ಟವಾಗುತ್ತಿದ್ದರೆ ಒರಗಿಸಿ ಕೂರಿಸಿ, ಆಸ್ಪತ್ರೆ ತಲುಪಿಸಬೇಕು. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವ ಔಷಧಿ. ಅಲರ್ಜಿ ಇಲ್ಲದವರಿಗೂ ಏಕಕಾಲಕ್ಕೆ ಹತ್ತಾರು ಕಡೆ ಹೊಡೆದಿದ್ದರೆ, ಮಕ್ಕಳಾಗಿದ್ದರೆ, ವಯಸ್ಸಾದವರಾಗಿದ್ದರೆ ವೈದ್ಯರಿಗೆ ತೋರಿಸುವುದು ಲೇಸು. ಒಮ್ಮೆ ಇಂತಹ ಲಕ್ಷಣ ಕಂಡವರು ವೈದ್ಯರನ್ನು ಕೇಳದೆ ಮತ್ತೆ ಪೆಟ್ಟಿಗೆ ಮುಟ್ಟಬಾರದು, ಹವ್ಯಾಸ ಎಷ್ಟೇ ಪ್ರಿಯವಾಗಿದ್ದರೂ.

ಸಿಟ್ಟನ್ನು ಅಳೆದು ಬರೆದಿಡುವುದು

‘ತುಂಬ ಹೊಡೆಯುತ್ತದೆ’ ಎಂಬುದು ಅಳತೆಯಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಪೆಟ್ಟಿಗೆಗೂ ಮೂರು ಅಂಕಣಗಳಿವೆ: ಪೆಟ್ಟಿಗೆಯಿಂದ ಎಷ್ಟು ಹೆಜ್ಜೆ ದೂರದಲ್ಲಿ ಮೊದಲ ನೊಣ ಮುಖಕ್ಕೆ ಎದುರಾಯಿತು, ಮುಚ್ಚಳ ತೆಗೆದ ಮೇಲೆ ಕೈಗವಸಿಗೆ ಎಷ್ಟು ಮುಳ್ಳು ಬಿದ್ದವು, ಮುಚ್ಚಿ ಹೊರಟ ಮೇಲೆ ಎಷ್ಟು ಹೆಜ್ಜೆಯವರೆಗೆ ಹಿಂಬಾಲಿಸಿದವು. ಇವುಗಳ ಪಕ್ಕದಲ್ಲಿ ದಿನಾಂಕ, ಹೊತ್ತು, ಮೋಡವೋ ಬಿಸಿಲೋ, ಸುತ್ತ ಯಾವ ಹೂವಿತ್ತು ಎಂಬುದನ್ನೂ ಬರೆಯುತ್ತೇನೆ. ಮೂರರಲ್ಲಿ ಹಿಂಬಾಲಿಸುವ ದೂರವೇ ಹೆಚ್ಚು ಹೇಳುತ್ತದೆ. ಮುಚ್ಚಳ ತೆಗೆದಾಗ ಕೈಗೆ ಹೊಡೆಯುವುದು ಮನೆ ಕಾಯುವವರ ಕೆಲಸ; ಮುಚ್ಚಿ ಇಪ್ಪತ್ತು ಹೆಜ್ಜೆ ನಡೆದ ಮೇಲೂ ಕಿವಿಯ ಬಳಿ ಗುಂಯ್‌ಗುಡುವ ನೊಣವೇ ನೆರೆಮನೆಯವರಿಗೆ ತೊಂದರೆ ತರುವುದು. ಒಂದು ದಿನದ ಸಿಟ್ಟಿನಿಂದ ಏನನ್ನೂ ತೀರ್ಮಾನಿಸಬಾರದು. ಹತ್ತು ದಿನಗಳ ಅಂತರದಲ್ಲಿ ಮೂರು ಸಲ, ಒಳ್ಳೆಯ ಬಿಸಿಲಿನ ಬೆಳಿಗ್ಗೆ ತೆರೆದು ನೋಡಿ, ಪಕ್ಕದ ಪೆಟ್ಟಿಗೆಗಳ ಅಂಕಿಗಳ ಜೊತೆ ಹೋಲಿಸಬೇಕು. ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಸಿಡುಕಿದ್ದರೆ ಕಾರಣ ಹೊರಗಿದೆ; ಒಂದೇ ಸಿಡುಕಿದ್ದರೆ ಅದರೊಳಗೆ ಹುಡುಕಬೇಕು.

ಹೊರಗಿನ ಕಾರಣಗಳು

ನಮ್ಮ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಪಂಚಾಂಗ. ಬೇವು, ನೇರಳೆ, ಹೊಂಗೆ, ಹುಣಸೆ ಒಂದರ ಹಿಂದೊಂದು ಅರಳುವ ಮಾರ್ಚ್‌ನಿಂದ ಮೇ ತಿಂಗಳವರೆಗೆ ಎಂತಹ ಪೆಟ್ಟಿಗೆಯೂ ಸುಮ್ಮನಿರುತ್ತದೆ, ಏಕೆಂದರೆ ದುಡಿಯುವ ನೊಣಗಳೆಲ್ಲ ಹೊರಗೆ ಕೆಲಸದಲ್ಲಿರುತ್ತವೆ. ಜೂನ್ ಕಳೆದು ಆಷಾಢದ ಗಾಳಿ ಎದ್ದ ಮೇಲೆ ಸ್ಥಿತಿ ಬದಲಾಗುತ್ತದೆ. ಮೋಡ, ಜಿಟಿಜಿಟಿ ಮಳೆ, ಮಕರಂದವಿಲ್ಲದ ಹೂವು. ಹೊರಗೆ ಹೋಗಲಾರದ ವಯಸ್ಸಾದ ನೊಣಗಳೆಲ್ಲ ಪೆಟ್ಟಿಗೆಯೊಳಗೇ ತುಂಬಿಕೊಂಡಿರುತ್ತವೆ, ಮತ್ತು ಹೊಡೆಯುವ ಕೆಲಸ ಮಾಡುವುದು ಆ ವಯಸ್ಸಿನ ನೊಣಗಳೇ. ಆಷಾಢದಲ್ಲಿ ಮುನಿದ ಪೆಟ್ಟಿಗೆಯ ರಾಣಿಯನ್ನು ಕೊಂದ ಹವ್ಯಾಸಿ, ಹುಚ್ಚೆಳ್ಳು ಅರಳುವ ತನಕ ತಾಳಿದ್ದರೆ ಆ ರಾಣಿ ಒಳ್ಳೆಯದೆಂದೇ ತಿಳಿಯುತ್ತಿತ್ತು. ಆ ಹವ್ಯಾಸಿ ನಾನೇ, ಎರಡನೆಯ ವರ್ಷದಲ್ಲಿ.

ಹೂವಿಲ್ಲದ ಕಾಲದಲ್ಲಿಯೇ ಕಳ್ಳತನವೂ ಶುರುವಾಗುತ್ತದೆ. ಬಲವಾದ ಪೆಟ್ಟಿಗೆಯ ನೊಣಗಳು ದುರ್ಬಲ ಪೆಟ್ಟಿಗೆಗೆ ನುಗ್ಗಿ ಜೇನುತುಪ್ಪ ಕದಿಯುತ್ತವೆ. ಬಾಗಿಲಲ್ಲಿ ಎರಡು ನೊಣಗಳು ಕಚ್ಚಾಡುತ್ತ ಉರುಳುವುದು, ಪೆಟ್ಟಿಗೆಯ ಬಿರುಕುಗಳ ಬಳಿ ಹೊರಗಿನ ನೊಣಗಳು ಮೂಸುತ್ತ ತಿರುಗುವುದು, ಬಾಗಿಲ ಮುಂದೆ ಸತ್ತ ನೊಣಗಳು ಬಿದ್ದಿರುವುದು ಇದರ ಗುರುತು. ಕಳ್ಳತನಕ್ಕೆ ಒಳಗಾದ ಪೆಟ್ಟಿಗೆಗೆ ಮನುಷ್ಯನೂ ಕಳ್ಳನಂತೆಯೇ ಕಾಣುತ್ತಾನೆ. ಮಂಡ್ಯದ ಕಡೆ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಆಲೆಮನೆ ಹತ್ತಿರವಿದ್ದರೆ ಜೇನು ಕಬ್ಬಿನ ಹಾಲಿಗೂ ಬೆಲ್ಲದ ಪಾಕಕ್ಕೂ ಮುತ್ತುತ್ತದೆ, ಕೊಪ್ಪರಿಗೆಯಲ್ಲಿ ಬಿದ್ದು ಸಾಯುತ್ತದೆ, ಬದುಕಿ ಮರಳಿದ ನೊಣಗಳು ಹೂವಿನ ಹಾದಿ ಬಿಟ್ಟು ಸಿಹಿಯ ವಾಸನೆಯ ಬೆನ್ನು ಹತ್ತುತ್ತವೆ. ತೋಟದ ಐದು ಪೆಟ್ಟಿಗೆಗಳಲ್ಲಿ ಎರಡನ್ನು ನಾನು ಇದೇ ಕಾರಣಕ್ಕೆ ಆಲೆಮನೆಯ ದಿಕ್ಕಿನಿಂದ ಎತ್ತಬೇಕಾಯಿತು.

ಪರಿಹಾರ ಸರಳ. ಸಕ್ಕರೆ ಮತ್ತು ನೀರನ್ನು ಸಮಪಾಲು ಬೆರೆಸಿ, ಕುದಿಸಿ ಆರಿಸಿದ ಪಾಕವನ್ನು ಸಂಜೆ ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೇ ಇಡಬೇಕು, ಬೆಳಗಾಗುವಷ್ಟರಲ್ಲಿ ಖಾಲಿಯಾಗುವಷ್ಟೇ ಕೊಡಬೇಕು. ನೊಣಗಳು ಮುಳುಗದಂತೆ ಬಟ್ಟಲಿನಲ್ಲಿ ನಾಲ್ಕು ಒಣ ಕಡ್ಡಿ ಹಾಕಬೇಕು. ಹನಿಯೂ ಹೊರಗೆ ಚೆಲ್ಲಬಾರದು. ಬಯಲಿನಲ್ಲಿ ತಟ್ಟೆಯಿಟ್ಟು ಪಾಕ ಕೊಡುವವರು ತಾವೇ ಕಳ್ಳತನಕ್ಕೆ ಡಂಗುರ ಸಾರಿದಂತೆ. ಬಾಗಿಲನ್ನು ಎರಡು ನೊಣ ಹಾಯುವಷ್ಟು ಕಿರಿದು ಮಾಡಿ, ಬಿರುಕುಗಳನ್ನು ಮೇಣದಿಂದಲೋ ಜೇಡಿಮಣ್ಣಿನಿಂದಲೋ ಮುಚ್ಚಬೇಕು.

ಉಳಿದ ಕಾರಣಗಳನ್ನು ಪೆಟ್ಟಿಗೆಯ ಬಳಿ ಬೆಳಿಗ್ಗೆ ಅರ್ಧ ಗಂಟೆ, ರಾತ್ರಿ ಅರ್ಧ ಗಂಟೆ ಸುಮ್ಮನೆ ಕುಳಿತು ಕಂಡುಕೊಳ್ಳಬಹುದು. ಇರುವೆಯ ಸಾಲು, ಬಾಗಿಲ ಮುಂದೆ ತೂಗುವ ಕಣಜ, ಬೆಳಕಾರಿದ ಮೇಲೆ ಬಂದು ಕಾವಲು ನೊಣಗಳನ್ನು ನುಂಗುವ ಕಪ್ಪೆ ಮತ್ತು ಹಲ್ಲಿ, ಪಕ್ಕದ ಪಂಪ್‌ಸೆಟ್ಟಿನ ನಡುಕ, ಮಧ್ಯಾಹ್ನ ನೇರವಾಗಿ ಬಡಿಯುವ ಪಶ್ಚಿಮದ ಬಿಸಿಲು, ನೆರೆಯ ಹೊಲದಲ್ಲಿ ಹೊಡೆದ ಕೀಟನಾಶಕ, ಎಲ್ಲವೂ ಸಂಸಾರವನ್ನು ಕೆರಳಿಸುತ್ತವೆ. ನನ್ನ ತಾರಸಿಯ ಪೆಟ್ಟಿಗೆಯೊಂದು ಎರಡು ವಾರ ಯಾರನ್ನೂ ಹತ್ತಿರ ಬಿಡದಿದ್ದಾಗ ನಾನು ಒಳಗೆಲ್ಲ ಹುಡುಕಿದೆ. ಕೊನೆಗೆ ತಿಳಿದದ್ದು, ಪ್ರತಿ ರಾತ್ರಿ ಒಂದು ದಪ್ಪ ಹಲ್ಲಿ ಅಡಿಮಣೆಯ ಕೆಳಗೆ ಬಂದು ಕೂರುತ್ತಿತ್ತು ಎಂದು. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಿನಲ್ಲಿ ಇಟ್ಟು, ನಡುವೆ ನಯವಾದ ತಗಡು ಸುತ್ತಿದ ಮೇಲೆ ಇರುವೆಯೂ ಹಲ್ಲಿಯೂ ಹತ್ತಲಿಲ್ಲ. ಪೆಟ್ರೋಲ್ ಯಂತ್ರದಿಂದ ಹುಲ್ಲು ಕತ್ತರಿಸುವ ದಿನ ಕೆಲಸದವರಿಗೆ ಪೆಟ್ಟಿಗೆಯಿರುವ ಮೂಲೆಯನ್ನು ತೋರಿಸಿ, ಅಲ್ಲಿ ಕುಡುಗೋಲಿನಿಂದ, ಅದೂ ಮುಸ್ಸಂಜೆಯಲ್ಲಿ ಕೊಯ್ಯಲು ಹೇಳಬೇಕು.

ನಮ್ಮ ಕೈಯ ತಪ್ಪು

ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಸರಿಪಡಿಸುವುದು ಎಲ್ಲಕ್ಕಿಂತ ಸುಲಭ. ಬೆವರು, ಸೆಂಟು, ಘಾಟು ತಲೆಯೆಣ್ಣೆ, ಸೀಮೆಎಣ್ಣೆ, ಇವುಗಳ ವಾಸನೆ ಜೇನಿಗೆ ಆಗುವುದಿಲ್ಲ. ಕಪ್ಪು ಬಟ್ಟೆಯನ್ನೂ ಉಣ್ಣೆಯನ್ನೂ ಅದು ಕರಡಿಯಂತಹ ಪ್ರಾಣಿಯೆಂದು ಭಾವಿಸುತ್ತದೆಯೋ ಏನೋ, ಅವುಗಳ ಮೇಲೆಯೇ ಮೊದಲು ಎರಗುತ್ತದೆ. ತಿಳಿ ಬಣ್ಣದ ಹತ್ತಿ ಬಟ್ಟೆ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಹಿಂದಿನ ಸಲ ಮುಳ್ಳು ಬಿದ್ದ ಕೈಗವಸನ್ನು ಒಗೆಯದೆ ಮತ್ತೆ ಹಾಕಿಕೊಂಡರೆ ಹಳೆಯ ವಾಸನೆಯೇ ಹೊಸ ಜಗಳ ತೆಗೆಯುತ್ತದೆ.

ಹೊಗೆತಿದಿಯಲ್ಲಿ ಒಣ ತೆಂಗಿನ ನಾರನ್ನೋ, ಔಷಧಿಯಾಗಲಿ ಗೊಬ್ಬರವಾಗಲಿ ತುಂಬಿರದ ಹಳೆಯ ಗೋಣಿಯ ಚೂರನ್ನೋ ಹಾಕಿ, ಮೇಲೆ ಸ್ವಲ್ಪ ಹಸಿ ಹುಲ್ಲು ಒತ್ತಿದರೆ ದಟ್ಟವಾದ ತಂಪು ಹೊಗೆ ಬರುತ್ತದೆ. ಹೊಗೆಯನ್ನು ಅಂಗೈಗೆ ಬಿಟ್ಟು ನೋಡಿ. ಸುಡುವಂತಿದ್ದರೆ ಅದು ಜೇನಿನ ರೆಕ್ಕೆಯನ್ನೂ ಸುಡುತ್ತದೆ. ಬಾಗಿಲಿಗೆ ಎರಡು ಸಲ ಬಿಟ್ಟು, ಒಂದೆರಡು ನಿಮಿಷ ಕಾದು, ಆಮೇಲೆ ಮುಚ್ಚಳ ಎತ್ತಬೇಕು. ಈ ಎರಡು ನಿಮಿಷ ಕಾಯುವ ತಾಳ್ಮೆ ಇಲ್ಲದವರ ಪೆಟ್ಟಿಗೆಗಳೇ ಹೆಚ್ಚಾಗಿ ಸಿಡುಕುತ್ತವೆ. ಹಾಗೆಂದು ಹೊಗೆ ಸುರಿಯಲೂಬಾರದು: ತುಡುವೆಗೆ ಅತಿಯಾದ ಹೊಗೆ ಹಾಕಿದರೆ ಅದು ಎರಿ ಬಿಟ್ಟು ಮೂಲೆಗೆ ಹರಿದು ಗುಂಪಾಗುತ್ತದೆ, ರಾಣಿ ಆ ಗುಂಪಿನ ನಡುವೆ ಮರೆಯಾಗುತ್ತದೆ. ತೆರೆಯುವ ಹೊತ್ತು ಬಿಸಿಲು ಬಂದ ಮೇಲೆ, ಒಂಬತ್ತೂವರೆಯಿಂದ ಹನ್ನೊಂದರ ಒಳಗೆ ಇರಲಿ. ಪೆಟ್ಟಿಗೆಯ ಮುಂದೆ ನಿಂತು ಅವುಗಳ ದಾರಿ ಅಡ್ಡಗಟ್ಟದೆ ಹಿಂಬದಿಯಲ್ಲಿ ಅಥವಾ ಪಕ್ಕದಲ್ಲಿ ನಿಲ್ಲಬೇಕು. ಮೊದಲು ಅಂಚಿನ ಎರಿಯನ್ನು ಹೊರತೆಗೆದು ಜಾಗ ಮಾಡಿಕೊಂಡು, ಉಳಿದವನ್ನು ಸರಿಸಿ ಎತ್ತಿದರೆ ನೊಣಗಳು ಎರಿಗಳ ನಡುವೆ ಉಜ್ಜಿ ಸಾಯುವುದಿಲ್ಲ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯದಿದ್ದರೆ ಮುಚ್ಚಿ, ಇನ್ನೊಂದು ದಿನ ನೋಡಬೇಕು.

ಒಳಗಿನ ಪರೀಕ್ಷೆ

ಹೊರಗೆ ಕಾರಣ ಸಿಗದಿದ್ದರೆ ರಾಣಿ ಮೊಟ್ಟೆಯಿಡುವ ಸಂಸಾರ ಕೋಣೆಯಲ್ಲಿ ಮೊಟ್ಟೆ ಹುಡುಕಿ. ಪ್ರತಿ ಕಣದ ತಳದಲ್ಲಿ ಒಂದೊಂದು ಮೊಟ್ಟೆ ನೆಟ್ಟಗೆ ನಿಂತಿದ್ದರೆ ರಾಣಿ ಕಳೆದ ಮೂರು ದಿನಗಳಲ್ಲಿ ಅಲ್ಲಿಯೇ ಇತ್ತೆಂದು ಅರ್ಥ, ಅದು ಕಣ್ಣಿಗೆ ಬೀಳದಿದ್ದರೂ ಚಿಂತೆಯಿಲ್ಲ. ಮೊಟ್ಟೆಯೂ ಇಲ್ಲ, ಮರಿಹುಳುವೂ ಇಲ್ಲ, ಒಳಗಿನಿಂದ ನರಳುವಂತಹ ಎಡೆಬಿಡದ ಸದ್ದು ಬರುತ್ತಿದೆ ಎಂದಾದರೆ ಸಂಸಾರ ರಾಣಿಯನ್ನು ಕಳೆದುಕೊಂಡಿದೆ. ಅದರ ಮುನಿಸಿಗೆ ಅದೇ ಕಾರಣ. ಮೊಟ್ಟೆ ಮತ್ತು ಎಳೆಯ ಹುಳುಗಳಿರುವ ಒಂದು ಎರಿಯನ್ನು ಸಾಧು ಪೆಟ್ಟಿಗೆಯಿಂದ ತಂದುಕೊಟ್ಟರೆ ಅವು ರಾಣಿಯನ್ನು ಮಾಡಿಕೊಳ್ಳುತ್ತವೆ, ಎಷ್ಟೋ ಸಲ ಒಂದೆರಡು ದಿನದಲ್ಲೇ ಸಿಟ್ಟೂ ಇಳಿಯುತ್ತದೆ. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆಗಳು ಓರೆಕೋರೆಯಾಗಿ ಬಿದ್ದಿದ್ದರೆ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗಿವೆ ಎಂದರ್ಥ. ರಾಣಿ ಹೋದ ಮೇಲೆ ತುಡುವೆಯಲ್ಲಿ ಇದು ಬಹಳ ಬೇಗ ಆಗುತ್ತದೆ, ಆ ಮೊಟ್ಟೆಗಳಿಂದ ಹುಟ್ಟುವುದು ಗಂಡು ನೊಣಗಳು ಮಾತ್ರ. ಅಂತಹ ಸಂಸಾರವನ್ನು ಉಳಿಸಲು ಹೆಣಗುವುದಕ್ಕಿಂತ ಅದರ ನೊಣಗಳನ್ನು ಬೇರೆ ಪೆಟ್ಟಿಗೆಗೆ ಸೇರಿಸುವುದು ನನ್ನ ಪದ್ಧತಿ.

ರೋಗವನ್ನೂ ಇದೇ ಹೊತ್ತಿಗೆ ನೋಡಬೇಕು. ಮರಿಹುಳು ಕಣದಲ್ಲಿ ಮಲಗಿ ತಲೆಯ ತುದಿ ದೋಣಿಯ ಮೂತಿಯಂತೆ ಮೇಲೆದ್ದಿದ್ದು, ಎತ್ತಿದಾಗ ನೀರು ತುಂಬಿದ ಚೀಲದಂತೆ ಬಂದರೆ ಅದು 1990ರ ದಶಕದ ಆರಂಭದಲ್ಲಿ ಕರ್ನಾಟಕದ ತುಡುವೆಯನ್ನು ನೆಲಕಚ್ಚಿಸಿದ ಥಾಯ್ ಸ್ಯಾಕ್‌ಬ್ರೂಡ್ ರೋಗ. ಆ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ತೋಟಗಾರಿಕೆ ಇಲಾಖೆಯ ಜೇನು ವಿಭಾಗದವರಿಗೆ ತೋರಿಸಿ.

ಜನರಿಂದ ದೂರ

ಕಾರಣ ಹುಡುಕುತ್ತಿರುವಷ್ಟು ದಿನ ಪೆಟ್ಟಿಗೆ ಬಡಾವಣೆಯಲ್ಲಿ ಇರಬಾರದು. ಮೂವತ್ತು-ನಲವತ್ತರ ನಿವೇಶನದಲ್ಲಿ ಪಕ್ಕದ ಮನೆಯ ಬಟ್ಟೆ ಒಣಹಾಕುವ ತಂತಿ ನಮ್ಮ ಪೆಟ್ಟಿಗೆಯಿಂದ ಹತ್ತು ಹೆಜ್ಜೆ ದೂರದಲ್ಲಿರುತ್ತದೆ. ತೋಟವಿರುವ ಪರಿಚಯಸ್ಥರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ. ನೊಣಗಳೆಲ್ಲ ಒಳಗೆ ಸೇರಿದ ಮೇಲೆ, ರಾತ್ರಿ ಎಂಟರ ನಂತರ, ಬಾಗಿಲಿಗೆ ಗಾಳಿಯಾಡುವ ತಂತಿಜಾಲರಿ ಬಡಿದು, ಪೆಟ್ಟಿಗೆಯ ಭಾಗಗಳು ಜಾರದಂತೆ ಹಗ್ಗ ಬಿಗಿದು, ಎರಿಗಳ ಅಂಚು ಪ್ರಯಾಣದ ದಿಕ್ಕಿಗೆ ಬರುವಂತೆ ಇಟ್ಟು ಸಾಗಿಸಬೇಕು. ಹೊಸ ಜಾಗ ಮೂರು ಕಿಲೋಮೀಟರಿಗಿಂತ ದೂರವಿರಲಿ, ಇಲ್ಲವಾದರೆ ಹೊರಗೆ ಹಾರಿದ ನೊಣಗಳು ಹಳೆಯ ಜಾಗಕ್ಕೇ ಮರಳುತ್ತವೆ. ಟಾರ್ಚಿಗೆ ಕೆಂಪು ಗಾಜಿನ ಕಾಗದ ಕಟ್ಟಿಕೊಳ್ಳಿ. ಬಿಳಿ ಬೆಳಕಿಗೆ ನೊಣಗಳು ತೆವಳಿಕೊಂಡು ಬರುತ್ತವೆ. ಸಾಧು ಪೆಟ್ಟಿಗೆಗಳೇ ಆದರೂ ತಾರಸಿಯಲ್ಲಿ ಬಾಗಿಲ ಮುಂದೆ ಆರಡಿ ಎತ್ತರದ ಶೇಡ್‌ನೆಟ್ ಕಟ್ಟಿದರೆ ಜೇನು ಜನರ ತಲೆಯ ಮೇಲಿನಿಂದ ಹಾರಿಹೋಗುವುದನ್ನು ಕಲಿಯುತ್ತದೆ.

ರಾಣಿಯನ್ನು ಬದಲಿಸುವುದು

ಹೂವಿನ ಕಾಲದಲ್ಲೂ, ಬಿಸಿಲಿನ ಬೆಳಿಗ್ಗೆಯಲ್ಲೂ, ರಾಣಿ ಚೆನ್ನಾಗಿ ಮೊಟ್ಟೆಯಿಡುತ್ತಿದ್ದರೂ, ಮೂರು ಪರೀಕ್ಷೆಗಳಲ್ಲೂ ಆ ಒಂದೇ ಪೆಟ್ಟಿಗೆ ಅಟ್ಟಿಸಿಕೊಂಡು ಬಂದಿದ್ದರೆ ಆಗ ಸ್ವಭಾವ ರಕ್ತದಲ್ಲಿಯೇ ಇದೆ ಎನ್ನಬಹುದು. ಕೆಲಸಗಾರ ನೊಣಗಳೆಲ್ಲ ಒಬ್ಬಳೇ ರಾಣಿಯ ಮಕ್ಕಳಾದ್ದರಿಂದ ರಾಣಿ ಬದಲಾದರೆ ಕ್ರಮೇಣ ಸಂಸಾರದ ಸ್ವಭಾವವೂ ಬದಲಾಗುತ್ತದೆ.

ಸಿಟ್ಟಿನ ಪೆಟ್ಟಿಗೆಯಲ್ಲಿ ರಾಣಿಯನ್ನು ಹುಡುಕುವುದೇ ಮೊದಲ ತೊಡಕು. ತುಡುವೆಯ ರಾಣಿ ನಾಚಿಕೆ ಸ್ವಭಾವದ್ದು, ಬೆಳಕು ಬಿದ್ದೊಡನೆ ಎರಿಯ ಹಿಂಬದಿಗೆ ಓಡುತ್ತದೆ. ಇದಕ್ಕೆ ನಾನು ಬಳಸುವ ಉಪಾಯ, ಹೊಡೆಯುವ ನೊಣಗಳನ್ನು ಮೊದಲು ಬೇರೆ ಮಾಡುವುದು. ಬಿಸಿಲಿನ ಬೆಳಿಗ್ಗೆ ಪೆಟ್ಟಿಗೆಯನ್ನು ಎತ್ತಿ ಹದಿನೈದು ಇಪ್ಪತ್ತು ಮಾರು ದೂರದಲ್ಲಿ ಇಡುತ್ತೇನೆ. ಹಳೆಯ ಜಾಗದಲ್ಲಿ ಅದೇ ಎತ್ತರಕ್ಕೆ, ಅದೇ ದಿಕ್ಕಿಗೆ ಬಾಗಿಲಿರುವಂತೆ ಒಂದು ಖಾಲಿ ಪೆಟ್ಟಿಗೆ ಇಟ್ಟು, ಅದೇ ಸಂಸಾರದ ತುಪ್ಪದ ಎರಿಯೊಂದನ್ನೂ ಮುಚ್ಚಿದ ಮರಿಗಳ ಎರಿಯೊಂದನ್ನೂ, ರಾಣಿ ಅವುಗಳ ಮೇಲಿಲ್ಲವೆಂದು ಎರಡೂ ಮಗ್ಗುಲು ನೋಡಿ ಖಚಿತಪಡಿಸಿಕೊಂಡು, ಅದರಲ್ಲಿ ಹಾಕುತ್ತೇನೆ. ಹೊರಗೆ ದುಡಿಯುವ, ಅಂದರೆ ಹೊಡೆಯುವ ವಯಸ್ಸಿನ ನೊಣಗಳು ಹಾರಿಹೋಗಿ ಮರಳುವಾಗ ಹಳೆಯ ಜಾಗಕ್ಕೇ ಬರುತ್ತವೆ. ಎರಡು ದಿನ ಕಳೆಯುವಷ್ಟರಲ್ಲಿ ಸರಿಸಿಟ್ಟ ಪೆಟ್ಟಿಗೆಯಲ್ಲಿ ರಾಣಿಯೂ ಮರಿಗಳಿಗೆ ಉಣಿಸುವ ಎಳೆಯ ನೊಣಗಳೂ ಮಾತ್ರ ಉಳಿದಿರುತ್ತವೆ. ಮೊದಲ ಸಲ ಇದನ್ನು ಮಾಡಿದಾಗ ನನಗೆ ನಂಬಿಕೆಯೇ ಬರಲಿಲ್ಲ: ಮೂರು ದಿನದ ಹಿಂದೆ ತೋಟದ ಗೇಟಿನ ತನಕ ಅಟ್ಟಿದ್ದ ಸಂಸಾರದ ಎರಿಗಳನ್ನು ಒಂದೂ ಮುಳ್ಳು ಬೀಳದೆ ಎತ್ತಿ ನೋಡಿದೆ. ಹೊಸ ಮೊಟ್ಟೆಗಳಿರುವ ಎರಿಯಿಂದ ಹುಡುಕಲು ಆರಂಭಿಸಿದರೆ ರಾಣಿ ಬೇಗ ಸಿಗುತ್ತದೆ. ಅದನ್ನು ಹಿಸುಕಿ ಕೊಲ್ಲಬೇಕಾಗುತ್ತದೆ. ಹಿತವಾದ ಕೆಲಸವಲ್ಲ, ಆದರೆ ಅದನ್ನು ಬೇರೆಡೆ ಬಿಟ್ಟರೆ ಅದೇ ಸ್ವಭಾವದ ಗಂಡು ನೊಣಗಳು ಊರೆಲ್ಲ ಹರಡುತ್ತವೆ.

ಅಂದು ಸಂಜೆಯೇ ಎರಡು ಭಾಗಗಳನ್ನೂ ಹಳೆಯ ಜಾಗದಲ್ಲಿ ಮತ್ತೆ ಒಂದು ಮಾಡಬಹುದು, ಒಂದೇ ಸಂಸಾರದವಾದ್ದರಿಂದ ಜಗಳವಾಗುವುದಿಲ್ಲ. ರಾಣಿ ಹೋದದ್ದು ತಿಳಿದ ನೊಣಗಳು ತಮ್ಮಲ್ಲೇ ಇರುವ ಎಳೆಯ ಹುಳುಗಳಿಂದ ರಾಣಿಕೋಶ ಕಟ್ಟಲು ತೊಡಗುತ್ತವೆ. ಅವನ್ನು ಕಟ್ಟಲು ಬಿಟ್ಟು, ಏಳನೆಯ ದಿನ ಪ್ರತಿ ಎರಿಯನ್ನೂ ನೊಣ ಜಾಡಿಸಿ ನೋಡಿ, ಒಂದೂ ಉಳಿಯದಂತೆ ಎಲ್ಲ ಕೋಶಗಳನ್ನೂ ಕಿತ್ತುಹಾಕಬೇಕು. ಏಳನೆಯ ದಿನವೇ ಏಕೆಂದರೆ ಅಷ್ಟರಲ್ಲಿ ಹಳೆಯ ರಾಣಿಯ ಮೊಟ್ಟೆಗಳೆಲ್ಲ ಬೆಳೆದು ರಾಣಿಯಾಗಲು ಯೋಗ್ಯವಾದ ಎಳೆಯ ಹುಳು ಒಂದೂ ಇರುವುದಿಲ್ಲ. ಆಗ ಸಾಧು ಪೆಟ್ಟಿಗೆಯಿಂದ ಮೊಟ್ಟೆ ಮತ್ತು ಎಳೆ ಹುಳುಗಳಿರುವ ಎರಿಯನ್ನು, ನೊಣಗಳನ್ನು ಮೆಲ್ಲನೆ ಗುಡಿಸಿ ತೆಗೆದು, ನಡುವೆ ಕೂರಿಸಬೇಕು. ಬೇರೆ ದಾರಿಯಿಲ್ಲದೆ ಆ ಎರಿಯಿಂದಲೇ ರಾಣಿಯನ್ನು ಬೆಳೆಸುತ್ತವೆ. ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 15–16 ದಿನ, ಎಳೆ ಹುಳುವಿನಿಂದ ಬೆಳೆಸಿದರೆ ಇನ್ನೂ ಬೇಗ; ಅದು ಗಂಡು ನೊಣಗಳೊಂದಿಗೆ ಕೂಡಿ ಬಂದು ಮೊಟ್ಟೆಯಿಡಲು ಮತ್ತೆ ಹತ್ತು ಹನ್ನೆರಡು ದಿನ ಬೇಕು.

ಈ ಅವಧಿಯಲ್ಲಿ ಮೂರು ಎಚ್ಚರಿಕೆಗಳಿವೆ. ವಾರಕ್ಕೊಮ್ಮೆ ಸಾಧು ಪೆಟ್ಟಿಗೆಯಿಂದ ಮರಿಹುಳುಗಳಿರುವ ಎರಿಯೊಂದನ್ನು ಕೊಡುತ್ತಿದ್ದರೆ ಕೆಲಸಗಾರ ನೊಣಗಳು ಮೊಟ್ಟೆಯಿಡಲು ತೊಡಗುವುದಿಲ್ಲ. ಸಂಸಾರ ಪರಾರಿಯಾಗದಿರಲೆಂದು ಬಾಗಿಲಿಗೆ, ಕೆಲಸಗಾರ ನೊಣಗಳು ಹಾಯ್ದು ರಾಣಿ ಮಾತ್ರ ಹಾಯಲಾಗದ ರಾಣಿತಡೆ ಗೇಟು ಹಾಕಿದ್ದವರು ಹೊಸ ರಾಣಿ ಹೊರಬರುವ ಮೊದಲೇ ಅದನ್ನು ಮರೆಯದೆ ತೆಗೆಯಬೇಕು, ಇಲ್ಲವಾದರೆ ರಾಣಿ ಕೂಡಲು ಹಾರಲಾರದೆ ಬರಡಾಗುತ್ತದೆ. ಇನ್ನು, ಹೊಸ ರಾಣಿ ಸಾಧು ತಾಯಿಯ ಮಗಳಾದರೂ ಗಾಳಿಯಲ್ಲಿ ಹಲವು ಗಂಡು ನೊಣಗಳೊಂದಿಗೆ ಕೂಡುತ್ತದೆ. ಅವುಗಳಲ್ಲಿ ಸಿಟ್ಟಿನ ಪೆಟ್ಟಿಗೆಯ ಗಂಡುಗಳು ಕಡಿಮೆಯಿರುವಂತೆ ಮುಂಚೆಯೇ ನೋಡಿಕೊಳ್ಳಬೇಕು. ತುಡುವೆಯಲ್ಲಿ ಗಂಡು ಕಣಗಳನ್ನು ಗುರುತಿಸುವುದು ಸುಲಭ: ಉಬ್ಬಿದ ಮುಚ್ಚಳದ ನಡುವೆ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಇರುತ್ತದೆ. ರಾಣಿಯನ್ನು ತೆಗೆಯುವ ಒಂದು ತಿಂಗಳ ಮೊದಲಿನಿಂದ ಅಂತಹ ಕಣಗಳಿರುವ ಭಾಗವನ್ನು ಚಾಕುವಿನಿಂದ ಕೊಯ್ದು ತೆಗೆಯುತ್ತ ಬಂದರೆ ಸಾಕು.

ಇಷ್ಟು ತಾಳ್ಮೆಯಿಲ್ಲದವರು ರಾಣಿಯನ್ನು ತೆಗೆದ ಸಂಸಾರವನ್ನು ಇನ್ನೊಂದು ಸಾಧು ಸಂಸಾರದ ಜೊತೆ ಸೇರಿಸಬಹುದು. ಸಂಜೆ ಸಾಧು ಪೆಟ್ಟಿಗೆಯ ಮುಚ್ಚಳ ತೆಗೆದು, ಅದರ ಮೇಲೆ ಪಿನ್ನಿನಿಂದ ನಾಲ್ಕಾರು ತೂತು ಚುಚ್ಚಿದ ವೃತ್ತಪತ್ರಿಕೆಯ ಒಂದು ಹಾಳೆ ಹಾಸಿ, ಮೇಲೆ ರಾಣಿಯಿಲ್ಲದ ಸಂಸಾರ ಕೋಣೆಯನ್ನು ಇಟ್ಟು ಮುಚ್ಚಬೇಕು. ಎರಡು ಮೂರು ದಿನಗಳಲ್ಲಿ ನೊಣಗಳು ಹಾಳೆಯನ್ನು ಕಚ್ಚಿ ಹರಿಯುತ್ತವೆ, ಅಷ್ಟರಲ್ಲಿ ಎರಡರ ವಾಸನೆಯೂ ಬೆರೆತು ಒಂದಾಗಿರುತ್ತದೆ. ಯಾವುದೂ ಸಾಧ್ಯವಿಲ್ಲದಿದ್ದರೆ, ಬಡಾವಣೆಯಿಂದ ದೂರ ಹತ್ತಾರು ಪೆಟ್ಟಿಗೆ ಸಾಕುವ ಅನುಭವಿಗಳಿಗೆ ಪೆಟ್ಟಿಗೆಯನ್ನು ಸ್ವಭಾವ ಮುಚ್ಚಿಡದೆ ಹೇಳಿ ಕೊಟ್ಟುಬಿಡಬಹುದು. ಪೆಟ್ರೋಲ್ ಸುರಿಯುವುದು, ಬೆಂಕಿಯಿಡುವುದು, ಕೀಟನಾಶಕ ಹೊಡೆಯುವುದು ಮಾತ್ರ ಕೂಡದು. ವಿಷ ಬಿದ್ದ ಎರಿಯ ತುಪ್ಪವನ್ನು ಕದಿಯಲು ಬಂದ ಊರಿನ ಜೇನೆಲ್ಲ ಸಾಯುತ್ತದೆ.

ರಾಣಿ ಬದಲಾದ ಮರುವಾರವೇ ಪೆಟ್ಟಿಗೆ ಶಾಂತವಾಗಲಿಲ್ಲವೆಂದು ಕಂಗೆಡಬಾರದು. ಹಳೆಯ ರಾಣಿಯ ಕೊನೆಯ ಮೊಟ್ಟೆಯಿಂದ ನೊಣ ಹೊರಬರಲು ಸುಮಾರು ಇಪ್ಪತ್ತು ದಿನ, ಆ ನೊಣದ ಆಯಸ್ಸು ಮತ್ತೆ ಆರೇಳು ವಾರ. ಹೀಗೆ ಎರಡೂವರೆ ತಿಂಗಳ ತನಕ ಹಳೆಯ ಸಿಟ್ಟು ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ತೋಟದ ನಾಲ್ಕನೆಯ ಪೆಟ್ಟಿಗೆಯ ರಾಣಿಯನ್ನು ನಾನು ಫೆಬ್ರುವರಿಯಲ್ಲಿ ತೆಗೆದೆ. ಆಗ ನೋಟ್‌ಬುಕ್ಕಿನ ಮೂರನೆಯ ಅಂಕಣದಲ್ಲಿ ಅರವತ್ತು ಹೆಜ್ಜೆ ಎಂದಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಮೂವತ್ತು, ಹೊಂಗೆಯ ಹೂವು ಉದುರುವ ಹೊತ್ತಿಗೆ ನಾಲ್ಕು. ಆದರೂ ಅದನ್ನು ಮನೆಯ ತಾರಸಿಗೆ ತರುವ ಮೊದಲು ಇನ್ನೊಂದು ಆಷಾಢ ಕಳೆಯಲೆಂದು ಕಾದೆ. ಆ ಗಾಳಿಯಲ್ಲಿ ತೆರೆದಾಗಲೂ ಅಂಕಿ ಹತ್ತನ್ನು ದಾಟಲಿಲ್ಲ.